90 ದಿನ ಎಣಿಸುವಾಗ ನಾನು ಮಾಡಿದ ತಪ್ಪು

ವಕೀಲಿಕೆ ಶುರು ಮಾಡಿ ಎರಡನೇ ವರ್ಷ. ಜಮೀನಿನ ಹಕ್ಕು ಘೋಷಣೆ ಮತ್ತು ಸ್ವಾಧೀನದ ದಾವೆಯಲ್ಲಿ ನಾವು ವಾದಿಯ ಕಡೆ. ಪ್ರತಿವಾದಿಗಳು ಅಣ್ಣ, ತಮ್ಮ. ಒಂದು ವಾಯಿದೆಯ ದಿನ ಇಬ್ಬರಲ್ಲಿ ಕಿರಿಯವರು ತೀರಿಕೊಂಡರೆಂದು ಎದುರು ವಕೀಲರು ಮೆಮೊ ಹಾಕಿದರು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 22, ನಿಯಮ 10ಎ ಪ್ರಕಾರ ಹಾಗೆ ತಿಳಿಸುವುದು ಅವರ ಕರ್ತವ್ಯ. ಮೃತರ ವಾರಸುದಾರರನ್ನು ದಾವೆಗೆ ಸೇರಿಸಲು ಅರ್ಜಿ ಹಾಕುವುದಕ್ಕೆ 90 ದಿನದ ಗಡುವು. ನಾನು ಅಂದಿನಿಂದ 90 ದಿನ ಎಣಿಸಿ ಡೈರಿಯಲ್ಲಿ ಬರೆದುಕೊಂಡೆ.

ಸಂಜೆ ಸೀನಿಯರ್ ಡೈರಿ ನೋಡಿ, "ಸತ್ತಿದ್ದು ಯಾವತ್ತಪ್ಪಾ?" ಅಂದರು. ನಾನು ಕೇಳಿರಲೇ ಇಲ್ಲ.

ಲಿಮಿಟೇಶನ್ (ಕಾಲಮಿತಿ) ಕಾಯ್ದೆಯ 120ನೇ ವಿಧಿಯ ಈ 90 ದಿನ ಶುರುವಾಗುವುದು ಸಾವಿನ ದಿನದಿಂದ, ನಮಗೆ ಗೊತ್ತಾದ ದಿನದಿಂದ ಅಲ್ಲ. ವಿಚಾರಿಸಿದರೆ ಅವರು ತೀರಿಕೊಂಡು ಆಗಲೇ 110 ದಿನ. ಅವರ ಮಟ್ಟಿಗೆ ದಾವೆ ಅಬೇಟ್ ಆಗಿತ್ತು, ಅಂದರೆ ಕೊನೆಗೊಂಡಿತ್ತು. ಅದಕ್ಕೆ ಕೋರ್ಟು ಆದೇಶ ಬರೆಯಬೇಕು ಅಂತೇನಿಲ್ಲ, ತಾನಾಗಿಯೇ ಆಗುತ್ತದೆ. ಜಮೀನು ಅಣ್ಣತಮ್ಮಂದಿರ ಹೆಸರಲ್ಲಿ ಜಂಟಿಯಾಗಿತ್ತು. ಹಾಗಾಗಿ ಇಡೀ ದಾವೆಯೇ ಬೀಳುವ ಭಯ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಬೇಟ್ ರದ್ದು ಮಾಡಿಸಲು ಇನ್ನೂ 60 ದಿನ ಇರುತ್ತದೆ, 121ನೇ ವಿಧಿ. ಅಂದರೆ ಒಟ್ಟು 150 ದಿನ. ಆದರೆ ಮೃತರ ಮನೆಯವರು ಮರಣ ಪ್ರಮಾಣಪತ್ರ ಕೊಡಲಿಲ್ಲ. ಅವರ ಹಿಂದೆ ಸುಮ್ನೆ ಅಲೆದು ದಿನ ಕಳೆದೆ. ಜನನ ಮರಣ ನೋಂದಣಿ ಕಚೇರಿಯಲ್ಲಿ ಯಾರು ಬೇಕಾದರೂ ಶುಲ್ಕ ಕಟ್ಟಿ ನಕಲು ಪಡೆಯಬಹುದು ಅಂತ ಆಮೇಲೆ ತಿಳಿಯಿತು. ಅರ್ಜಿ ಹಾಕುವಾಗ 162ನೇ ದಿನ. 12 ದಿನ ತಡ. ಹಾಗಾಗಿ ಒಂದಲ್ಲ, ಮೂರು ಅರ್ಜಿ ಬೇಕಾಯಿತು: ವಾರಸುದಾರರನ್ನು ಸೇರಿಸಲು ಅದೇ ಆದೇಶ 22ರ ನಿಯಮ 4ರಡಿ, ಅಬೇಟ್ ರದ್ದಿಗೆ ನಿಯಮ 9ರಡಿ, ತಡ ಮನ್ನಾಕ್ಕೆ ಲಿಮಿಟೇಶನ್ ಕಾಯ್ದೆಯ 5ನೇ ಸೆಕ್ಷನ್ ಅಡಿ. ಅಫಿಡವಿಟ್‌ನಲ್ಲಿ ಯಾವಾಗ ಗೊತ್ತಾಯಿತು, ಆಮೇಲೆ ಎಲ್ಲೆಲ್ಲಿ ಓಡಾಡಿದೆವು ಎಂದು ತಾರೀಖು ಹಾಕಿ ಬರೆದೆವು. ಪೆರುಮೋನ್ ಭಗವತಿ ದೇವಸ್ವಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಇಂಥ ಅರ್ಜಿಗಳನ್ನು ಉದಾರವಾಗಿ ನೋಡಬೇಕು ಎಂದಿದೆ. ಅದನ್ನೂ ತೋರಿಸಿದೆವು.

ಇದಕ್ಕಿಂತ ಜಾಸ್ತಿ ಎಚ್ಚರ ಬೇಕಾದದ್ದು ವಾರಸುದಾರರ ಪಟ್ಟಿಯಲ್ಲಿ. ನಮ್ಮ ಕಕ್ಷಿದಾರರು "ಹೆಂಡತಿ, ಇಬ್ಬರು ಗಂಡುಮಕ್ಕಳು, ಅಷ್ಟೇ ಸಾರ್" ಅಂದಿದ್ದರು. ನಾನು ಊರಿಗೇ ಹೋಗಿ ವಿಚಾರಿಸಿದೆ. ಮದುವೆಯಾಗಿ ಹೋದ ಮಗಳೊಬ್ಬಳು ಇದ್ದಳು. ಮೃತರ ತಾಯಿಯೂ ಬದುಕಿದ್ದರು. ಹಿಂದೂ ಗಂಡಸು ವಿಲ್ ಬರೆಯದೆ ಸತ್ತರೆ ತಾಯಿಯೂ ಮೊದಲ ವರ್ಗದ ವಾರಸುದಾರಳು. ಇದನ್ನು ಎಷ್ಟೋ ಜನ ಮರೆಯುತ್ತಾರೆ. ಐವರನ್ನೂ ಸೇರಿಸಿದೆವು.

ಎದುರು ಕಡೆಯಿಂದ ಆಕ್ಷೇಪಣೆ ಬಂತು. ವೆಚ್ಚ ಕಟ್ಟುವ ಷರತ್ತಿನ ಮೇಲೆ ಕೋರ್ಟು ಮೂರೂ ಅರ್ಜಿಗಳನ್ನು ಒಪ್ಪಿತು. ತಿದ್ದುಪಡಿ ಮಾಡಿದ ದಾವಾಪತ್ರ ಹಾಕಿ, ಐವರಿಗೂ ಸಮನ್ಸ್ ಕಳಿಸಿದೆವು. ಆ ವಯಸ್ಸಾದ ತಾಯಿ ಮೊಮ್ಮಗನ ಕೈ ಹಿಡಿದು ಕೋರ್ಟಿಗೆ ಬಂದಿದ್ದರು. ಬೆಂಚಿನ ಮೇಲೆ ಜಾಗ ಮಾಡಿಕೊಟ್ಟು ಕೂರಿಸಿದೆ.

ಈಗ ಸಾವಿನ ಸುದ್ದಿ ಬಂದರೆ ಮೊದಲು ತಾರೀಖು ಕೇಳುತ್ತೇನೆ. ಆಮೇಲೆ, "ಅವರ ತಾಯಿ ಇದ್ದಾರಾ?"