ಫೋಟೊ ನೋಡಿ ಬರೆಯಿರಿ, ಆಮೇಲೆ ಫೋಟೊ ಮುಚ್ಚಿಡಿ

ಮೊಬೈಲಿನೊಳಗೆ ನೂರಾರು ಬೆಟ್ಟಗಳು, ಕೆರೆಗಳು, ಸೂರ್ಯಾಸ್ತಗಳು ಮಲಗಿರುತ್ತವೆ. ತೆಗೆದ ದಿನ ಎರಡು ಸಲ ನೋಡಿದ್ದಷ್ಟೇ, ಮತ್ತೆ ಅತ್ತ ತಿರುಗಿಯೂ ನೋಡಿರುವುದಿಲ್ಲ. ಅವುಗಳಲ್ಲಿ ಒಂದನ್ನಾದರೂ ಚಿತ್ರವಾಗಿಸೋಣ ಎಂದು ಕುಳಿತವರು ಸಾಮಾನ್ಯವಾಗಿ ಫೋಟೊದಲ್ಲಿರುವ ಎಲ್ಲವನ್ನೂ ಕಾಗದಕ್ಕೆ ಇಳಿಸಲು ಹೊರಡುತ್ತಾರೆ. ಎಲೆಗೊಂದು ಗೀಟು, ಕಲ್ಲಿಗೊಂದು ನೆರಳು. ಮೂರು ದಿನ ಹೆಣಗಾಡಿದ ಮೇಲೆ ಕೈಗೆ ಬರುವುದು ಫೋಟೊದ ಮಂಕು ನಕಲು. ಅಷ್ಟಕ್ಕೆ ಪ್ರಿಂಟರೇ ಸಾಕಿತ್ತು.

ಮಿಶ್ರಮಾಧ್ಯಮ ಈ ಚಟಕ್ಕೆ ಒಳ್ಳೆಯ ಮದ್ದು. ಜಲವರ್ಣ, ಹರಿದ ಕಾಗದ, ಆಕ್ರಿಲಿಕ್, ಇದ್ದಿಲು, ಆಯಿಲ್ ಪೇಸ್ಟಲ್ (ಎಣ್ಣೆ-ಮೇಣ ಬೆರೆತ ಬಣ್ಣದ ಬಳಪ) ಇವೆಲ್ಲ ಒಂದೇ ಹಾಳೆಯ ಮೇಲೆ ಸೇರಿದಾಗ ನಕಲು ಮಾಡುವುದು ಸಾಧ್ಯವೇ ಆಗುವುದಿಲ್ಲ. ಹರಿದ ಕಾಗದದ ಅಂಚು ಫೋಟೊದ ಮಾತು ಕೇಳುವುದಿಲ್ಲ, ನಮ್ಮ ಮಾತನ್ನೂ ಅರ್ಧ ಮಾತ್ರ ಕೇಳುತ್ತದೆ. ಹಾಗೆಂದು ಮನೆಯಲ್ಲಿರುವ ಬಣ್ಣವನ್ನೆಲ್ಲ ತಂದು ಸುರಿದರೆ ಆಗದು. ಯಾವುದರ ಮೇಲೆ ಯಾವುದು ನಿಲ್ಲುತ್ತದೆ ಎಂಬುದಕ್ಕೆ ಒಂದು ಕ್ರಮವಿದೆ. ಅದು ತಪ್ಪಿದರೆ ಬಣ್ಣ ಹಿಡಿಯುವುದಿಲ್ಲ, ಹಿಡಿದಂತೆ ಕಂಡರೂ ಆಮೇಲೆ ಕಳಚಿ ಬರುತ್ತದೆ.

ಮೊದಲು ಫೋಟೊ ಆರಿಸಿ

ನೀವೇ ತೆಗೆದ ಫೋಟೊ ಆದರೆ ಉತ್ತಮ. ಬೇರೆಯವರ ಫೋಟೊದ ಹಕ್ಕು ಅವರದು. ಅದನ್ನು ಆಧರಿಸಿದ ಚಿತ್ರವನ್ನು ಪ್ರದರ್ಶಿಸುವ ಅಥವಾ ಮಾರುವ ಯೋಚನೆ ಇದ್ದರೆ ಅನುಮತಿ ಪಡೆಯಬೇಕು. ಆದರೆ ನನಗೆ ಮುಖ್ಯವೆನಿಸುವ ಕಾರಣ ಬೇರೆ. ಆ ಜಾಗದಲ್ಲಿ ನೀವು ನಿಂತಿದ್ದಿರಿ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ನೆಲ ಒಣಗಿತ್ತೋ ಹಸಿಯಾಗಿತ್ತೋ ಎಂಬುದು ನಿಮಗೆ ಗೊತ್ತು. ಫೋಟೊಕ್ಕೆ ಅದು ಗೊತ್ತಿಲ್ಲ.

ಸುಂದರವಾದ ಫೋಟೊ ಬೇಕೆಂದೇನೂ ಇಲ್ಲ. ಎಲ್ಲವೂ ಸರಿಯಾಗಿ ಕೂತಿರುವ ಫೋಟೊದಲ್ಲಿ ಚಿತ್ರಕಾರನಿಗೆ ಉಳಿಯುವ ಕೆಲಸ ಕಡಿಮೆ. ಪರೀಕ್ಷೆ ಸುಲಭ: ಫೋಟೊವನ್ನು ಪರದೆಯ ಮೇಲೆ ಅಂಚೆಚೀಟಿಯಷ್ಟು ಚಿಕ್ಕದಾಗಿಸಿ ನೋಡಿ. ಆಗಲೂ ಬೆಟ್ಟ ಬೆಟ್ಟವಾಗಿ, ನೀರು ನೀರಾಗಿ ಕಂಡರೆ ಅದರಲ್ಲಿ ದೊಡ್ಡ ಆಕಾರಗಳಿವೆ ಎಂದರ್ಥ. ಬರೀ ಚುಕ್ಕೆಗಳ ಗದ್ದಲ ಕಂಡರೆ ಬೇರೆಯದನ್ನು ಹುಡುಕಿ. ಈ ಲೇಖನಕ್ಕಾಗಿ ಒಂದು ಫೋಟೊ ಹೀಗಿದೆ ಎಂದುಕೊಳ್ಳೋಣ: ಬೆಳಗಿನ ಬೆಳಕು, ಹಿಂದೆ ಎರಡು ಸಾಲು ಬೆಟ್ಟ, ನಡುವೆ ನೀರು, ಮುಂದೆ ಒಣಹುಲ್ಲು, ಬಲಗಡೆ ಬಾಗಿದ ಒಂದು ಮರ.

ಕ್ಯಾಮೆರಾ ಹೇಳುವ ಮೂರು ಸುಳ್ಳು

ಮೊಬೈಲಿನ ಮುಖ್ಯ ಲೆನ್ಸ್ ಸಾಮಾನ್ಯವಾಗಿ ಅಗಲ ನೋಟದ್ದು. ಹೀಗಾಗಿ ಎದುರಿಗೆ ನಿಂತಾಗ ಎದೆ ತುಂಬುವಂತಿದ್ದ ಬೆಟ್ಟ ಫೋಟೊದಲ್ಲಿ ಇರುವೆಗೂಡಿನಂತೆ ಕುಗ್ಗಿ, ಕಾಲಬುಡದ ಹುಲ್ಲು ಅರ್ಧ ಚೌಕಟ್ಟನ್ನು ನುಂಗಿರುತ್ತದೆ. ಚಿತ್ರದಲ್ಲಿ ಬೆಟ್ಟವನ್ನು ಎತ್ತರಿಸಿ. ನಿಮಗೆ ಹಾಗೆ ಕಂಡಿತ್ತು, ಅಷ್ಟು ಸಾಕು.

ಎರಡನೆಯದು ನೆರಳು. ಬೆಳಗುವ ಆಕಾಶಕ್ಕೆ ಕ್ಯಾಮೆರಾ ಹೊಂದಿಕೊಂಡರೆ ನೆಲದ ನೆರಳುಗಳು ಕಪ್ಪು ಗುಂಡಿಗಳಾಗುತ್ತವೆ. ನಿಜವಾದ ನೆರಳಿನಲ್ಲಿ ಆಕಾಶದ ನೀಲಿ ಇರುತ್ತದೆ, ಪಕ್ಕದ ಮಣ್ಣಿನ ಕೆಂಪು ಇರುತ್ತದೆ. ಫೋಟೊ ನೋಡಿ ಕಪ್ಪು ಟ್ಯೂಬ್ ಹಿಂಡಿದರೆ ಚಿತ್ರದಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಮೂರನೆಯದು, ಮೊಬೈಲ್ ಫೋಟೊದಲ್ಲಿ ಹತ್ತಿರದ ಹುಲ್ಲಿನಿಂದ ದೂರದ ಬೆಟ್ಟದವರೆಗೆ ಎಲ್ಲವೂ ಒಂದೇ ಸಮ ಸ್ಪಷ್ಟ. ಕಣ್ಣು ಹಾಗೆ ನೋಡುವುದಿಲ್ಲ. ಒಂದು ಕಡೆ ನೆಟ್ಟರೆ ಉಳಿದದ್ದು ಮಸುಕು.

ಬೆಂಕಿಪೊಟ್ಟಣದಷ್ಟು ನಾಲ್ಕು ಚಿತ್ರ

ಫೋಟೊವನ್ನು ಕಪ್ಪು-ಬಿಳುಪಿಗೆ ತಿರುಗಿಸಿ. ಕಣ್ಣು ಕಿರಿದಾಗಿಸಿ ನೋಡುತ್ತ ಇಡೀ ದೃಶ್ಯವನ್ನು ಮೂರೇ ಛಾಯೆಗಳಾಗಿ ಒಡೆಯಿರಿ: ತಿಳಿ, ನಡು, ಗಾಢ. ಒಂದು ಹಾಳೆಯ ಮೇಲೆ ಬೆಂಕಿಪೊಟ್ಟಣದ ಗಾತ್ರದ ನಾಲ್ಕು ಚೌಕಟ್ಟು ಹಾಕಿ, ನಾಲ್ಕು ರೀತಿಯಲ್ಲಿ ಆ ಛಾಯೆಗಳನ್ನು ಜೋಡಿಸಿ ನೋಡಿ. ಒಂದರಲ್ಲಿ ಮರ ಎಡಕ್ಕೆ ಬರಲಿ, ಇನ್ನೊಂದರಲ್ಲಿ ಮರವೇ ಬೇಡ. ಒಂದರಲ್ಲಿ ಆಕಾಶ ಬರೀ ಒಂದು ಪಟ್ಟಿ. ದಿಗಂತ ರೇಖೆಯನ್ನು ಸರಿಯಾಗಿ ಮಧ್ಯಕ್ಕೆ ಎಳೆದರೆ ಚಿತ್ರ ಎರಡು ಹೋಳಾಗುವ ಅಪಾಯವಿದೆ; ಮೇಲಕ್ಕೋ ಕೆಳಕ್ಕೋ ಸರಿಸುವುದು ಕ್ಷೇಮ.

ಬಹಳ ಜನ ಈ ಹಂತವನ್ನು ಹಾರಿಸಿಬಿಡುತ್ತಾರೆ, ಬಣ್ಣದ ಆಸೆ ಅಂಥದ್ದು. ಆದರೆ ಮಿಶ್ರಮಾಧ್ಯಮದಲ್ಲಿ ಇದಿಲ್ಲದೆ ಮುಂದೆ ಹೋದರೆ ದಾರಿ ತಪ್ಪುವುದು ಖಂಡಿತ, ಏಕೆಂದರೆ ಕಾಗದ ಅಂಟಿಸಿದ ಮೇಲೆ ಅಳಿಸುವ ರಬ್ಬರು ಇಲ್ಲ. ಆರಿಸಿಕೊಂಡ ಕಿರುಚಿತ್ರದ ಪಕ್ಕದಲ್ಲೇ ಯಾವ ಭಾಗಕ್ಕೆ ಯಾವ ಮಾಧ್ಯಮ ಎಂದು ಗುರುತು ಹಾಕಿಕೊಳ್ಳಿ. ನಮ್ಮ ದೃಶ್ಯದಲ್ಲಿ ಆಕಾಶಕ್ಕೂ ದೂರದ ಬೆಟ್ಟಕ್ಕೂ ಜಲವರ್ಣ, ಹುಲ್ಲಿಗೆ ಟಿಶ್ಯೂ ಕಾಗದ ಮತ್ತು ಆಕ್ರಿಲಿಕ್, ಮರಕ್ಕೆ ಇದ್ದಿಲು, ನೀರಿನ ಅಂಚಿನ ಬೆಳಕಿಗೆ ಆಯಿಲ್ ಪೇಸ್ಟಲ್. ದೂರದ್ದು ನುಣುಪಾಗಿ, ಹತ್ತಿರದ್ದು ಒರಟಾಗಿ ಬಂದರೆ ಮೇಲ್ಮೈಯೇ ಅರ್ಧ ದೂರವನ್ನು ತೋರಿಸಿಬಿಡುತ್ತದೆ.

ಹಾಳೆ ಸಿದ್ಧತೆ

ಚದರ ಮೀಟರಿಗೆ 300 ಗ್ರಾಂ ತೂಕದ ಜಲವರ್ಣ ಕಾಗದ ತೆಗೆದುಕೊಳ್ಳಿ. ಅದಕ್ಕಿಂತ ತೆಳುವಾದದ್ದು ನೀರು, ಅಂಟು ಎರಡನ್ನೂ ಕುಡಿದು ಹಪ್ಪಳದಂತೆ ಸೊಟ್ಟಗಾಗುತ್ತದೆ. ಎ3 ಗಾತ್ರ ಮೊದಲ ಪ್ರಯತ್ನಕ್ಕೆ ಹದವಾಗಿದೆ. ಗಟ್ಟಿ ಹಲಗೆಯ ಮೇಲೆ ಹಾಳೆಯಿಟ್ಟು ನಾಲ್ಕೂ ಬದಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಇಡೀ ಹಾಳೆಗೆ ಗೆಸ್ಸೊ, ಅಂದರೆ ಬಣ್ಣಕ್ಕೆ ಮುನ್ನ ಹಚ್ಚುವ ಬಿಳಿ ತಳಲೇಪ, ಬಳಿಯಬೇಡಿ. ಸಾಮಾನ್ಯ ಗೆಸ್ಸೊದ ಮೇಲೆ ಜಲವರ್ಣ ಕಾಗದಕ್ಕೆ ಇಳಿಯದೆ ಮೇಲೇ ಜಾರಾಡುತ್ತದೆ. ಮುನ್ನೆಲೆಯ ಹುಲ್ಲಿನ ಜಾಗಕ್ಕೆ ಮಾತ್ರ ಒರಟು ಕುಂಚದಿಂದ ಗೀಚಿದಂತೆ ಹಚ್ಚಿದರೆ ಆ ಗೀರುಗಳೇ ಮುಂದೆ ಹುಲ್ಲಿಗೆ ಆಧಾರವಾಗುತ್ತವೆ.

ಗೆಸ್ಸೊ ಒಣಗಿದ ಮೇಲೆ ಪೆನ್ಸಿಲಿನಲ್ಲಿ ಹಗುರವಾಗಿ ಐದಾರು ರೇಖೆ ಎಳೆಯಿರಿ: ಬೆಟ್ಟದ ನೆತ್ತಿ, ನೀರಿನ ದಡ, ಮರದ ಬಾಗು. ಅಳತೆಯ ಭಯವಿದ್ದವರು ಕಿರುಚಿತ್ರದ ಮೇಲೂ ಹಾಳೆಯ ಮೇಲೂ ಒಂದೇ ಸಂಖ್ಯೆಯ ಚೌಕಗಳನ್ನು ಹಾಕಿಕೊಂಡು ಚೌಕಕ್ಕೆ ಚೌಕ ನೋಡಿ ದಾಟಿಸಬಹುದು. ಎರಡರ ಅಗಲ-ಎತ್ತರದ ಅನುಪಾತ ಒಂದೇ ಇರಬೇಕು, ಇಲ್ಲದಿದ್ದರೆ ಬೆಟ್ಟ ಹಿಗ್ಗುತ್ತದೆ. ಚೌಕ ಹಾಕಬೇಕಾದದ್ದು ಕಿರುಚಿತ್ರಕ್ಕೆ, ಫೋಟೊಕ್ಕಲ್ಲ ಎಂಬುದು ನೆನಪಿರಲಿ.

ನೀರಿನದು ಮೊದಲು

ಆಕಾಶದ ಭಾಗವನ್ನು ಬರೀ ನೀರಿನಿಂದ ಒದ್ದೆ ಮಾಡಿ, ದಿಗಂತದ ಹತ್ತಿರ ತಿಳಿ ಹಳದಿ, ಮೇಲಕ್ಕೆ ಹೋದಂತೆ ನೀಲಿ ಬಿಡಿ. ಹಲಗೆಯನ್ನು ಸ್ವಲ್ಪ ಓರೆಯಾಗಿ ಹಿಡಿದು ಬಣ್ಣವನ್ನು ಹರಿಯಲು ಬಿಟ್ಟರೆ ಸಾಕು, ಕುಂಚದಿಂದ ತಿದ್ದಲು ಹೋಗಬೇಡಿ. ಅದು ಪೂರ್ತಿ ಒಣಗಿದ ಮೇಲೆ ದೂರದ ಬೆಟ್ಟ. ಬೆಟ್ಟಕ್ಕೂ ನಮಗೂ ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ದೂರದ ಕಡುಬಣ್ಣಗಳು ತಿಳಿಯಾಗಿ, ನೀಲಿಯಾಗಿ ಕಾಣುತ್ತವೆ. ಹಿಂದಿನ ಸಾಲಿಗೆ ನೀರು ಹೆಚ್ಚು, ಮುಂದಿನ ಸಾಲಿಗೆ ಬಣ್ಣ ಹೆಚ್ಚು. ಎರಡರ ನಡುವೆ ಒಣಗಲು ಸಮಯ ಕೊಡಿ. ಒಣಗಿದೆಯೇ ಎಂದು ತಿಳಿಯಲು ಅಂಗೈಯ ಹಿಂಭಾಗವನ್ನು ಹಾಳೆಗೆ ತಾಗಿಸಿ. ತಣ್ಣಗಿದ್ದರೆ ಒಳಗೆ ಇನ್ನೂ ತೇವವಿದೆ.

ನೀರಿನ ಮೇಲಿನ ಮಿನುಗಿಗೆ ಒಂದು ಹಳೆಯ ಉಪಾಯವಿದೆ. ಬಣ್ಣ ಬಳಿಯುವ ಮೊದಲೇ ಬಿಳಿ ಮೇಣದ ತುಂಡಿನಿಂದ ಅಡ್ಡಡ್ಡ ಗೀರಿ. ಮೇಣ ನೀರನ್ನು ತಳ್ಳುವುದರಿಂದ ಅಲ್ಲಿ ಕಾಗದದ ಬಿಳುಪು ಉಳಿಯುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940–41ರಲ್ಲಿ, ಬಾಂಬ್ ದಾಳಿಗೆ ಹೆದರಿ ಲಂಡನ್ನಿನ ಸುರಂಗ ರೈಲು ನಿಲ್ದಾಣಗಳಲ್ಲಿ ಮಲಗಿದ್ದ ಜನರನ್ನು ಇಂಗ್ಲಿಷ್ ಶಿಲ್ಪಿ ಹೆನ್ರಿ ಮೂರ್ ಬರೆದದ್ದು ಹೀಗೆಯೇ, ಮೇಣದ ಬಳಪದ ಮೇಲೆ ಜಲವರ್ಣ ಹರಿಸಿ. ಆ ಗೀರುಗಳ ಮೇಲೆ ಮತ್ತೆ ಏನನ್ನೂ ಅಂಟಿಸಲಾಗದು ಎಂಬುದನ್ನು ಮಾತ್ರ ಲೆಕ್ಕದಲ್ಲಿಟ್ಟುಕೊಳ್ಳಿ.

ಹರಿಯುವುದು, ಅಂಟಿಸುವುದು

ನನಗೆ ಇಡೀ ಕೆಲಸದಲ್ಲಿ ಖುಷಿ ಕೊಡುವ ಹಂತವಿದು, ಆದ್ದರಿಂದ ಎರಡು ಮಾತು ಹೆಚ್ಚಿಗೆ ಹೇಳುತ್ತೇನೆ. ಕತ್ತರಿ ಬೇಡ, ಕೈಯಿಂದ ಹರಿಯಿರಿ. ಒಂದು ಬದಿಗೆ ಬಣ್ಣ ಬಳಿದ ಕಾಗದವನ್ನು ಹರಿದಾಗ ಅಂಚಿನಲ್ಲಿ ಒಳಗಿನ ಬಿಳಿ ಎಳೆ ಇಣುಕುತ್ತದೆ. ತುಂಡನ್ನು ನಿಮ್ಮ ಕಡೆಗೆ ಎಳೆದು ಹರಿದರೆ ಆ ಬಿಳಿ ಅಂಚು ಅದರಲ್ಲೇ ಉಳಿಯುತ್ತದೆ, ಆಚೆಗೆ ತಳ್ಳಿ ಹರಿದರೆ ಉಳಿಯುವುದಿಲ್ಲ. ನೀರಿನ ದಡಕ್ಕೆ ಬಿಳಿ ಅಂಚು ಚೆಂದ, ಹುಲ್ಲಿಗೆ ಬೇಡ. ಬಣ್ಣದ ಕಾಗದ ಕೊಳ್ಳುವ ಬದಲು ಹಾಳಾದ ಹಳೆಯ ಜಲವರ್ಣಗಳನ್ನೇ ಹರಿದು ಬಳಸಿ. ಅವಕ್ಕೂ ಒಂದು ಗತಿ ಕಾಣಿಸಿದಂತಾಗುತ್ತದೆ. ಪತ್ರಿಕೆಯ ಕಾಗದ ಹಚ್ಚಬಾರದೆಂದೇನಿಲ್ಲ, ಆದರೆ ಅದರೊಳಗಿನ ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೆ ಹಳದಿಯಾಗುತ್ತದೆ. ಒಣಹುಲ್ಲಿನ ಭಾಗದಲ್ಲಾದರೆ ಅದೂ ನಡೆದೀತು!

ಅಂಟಿಗೆ ಮ್ಯಾಟ್ ಆಕ್ರಿಲಿಕ್ ಮೀಡಿಯಂ, ಅಂದರೆ ಬಣ್ಣ ಬೆರೆಸದ, ಹೊಳಪಿಲ್ಲದ ಆಕ್ರಿಲಿಕ್ ದ್ರಾವಣ, ಒಳ್ಳೆಯದು. ಹಾಳೆಗೊಂದು ಪದರ ಹಚ್ಚಿ, ಟಿಶ್ಯೂ ಕಾಗದವನ್ನು ಮುದುಡಿ ಬಿಡಿಸಿ ಅದರ ಮೇಲಿಟ್ಟು, ಮೇಲಿನಿಂದ ಇನ್ನೊಂದು ಪದರ ಕೊಡಿ. ಮುದುಡಿದ ಗೆರೆಗಳನ್ನು ನೀವಿ ಸಮ ಮಾಡಬೇಡಿ, ಅವೇ ಹುಲ್ಲಿನ ದಂಟುಗಳು. ಕೆಳಗೆ ಜಲವರ್ಣವಿದ್ದರೆ ಕುಂಚವನ್ನು ಉಜ್ಜದೆ ಒತ್ತಿ ಎತ್ತಿ; ಉಜ್ಜಿದರೆ ಒಣಗಿದ ಜಲವರ್ಣವೂ ಕರಗಿ ಎದ್ದು ಬರುತ್ತದೆ.

ಫೋಟೊದ ತುಂಡನ್ನೇ ಮುದ್ರಿಸಿ ಅಂಟಿಸಬಹುದೇ ಎಂದು ಕೇಳುವವರಿದ್ದಾರೆ. ಅಂಟಿಸಬಹುದು. ಲೇಸರ್ ಮುದ್ರಣವಾದರೆ ಬಣ್ಣ ನಿಲ್ಲುತ್ತದೆ, ಸಾಮಾನ್ಯ ಇಂಕ್‌ಜೆಟ್ ಆದರೆ ಒದ್ದೆಗೆ ಕದಡಿಹೋಗುವ ಸಂಭವ ಹೆಚ್ಚು. ನನ್ನ ಅಭಿಪ್ರಾಯ ಕೇಳಿದರೆ ಬೇಡ. ಫೋಟೊದ ಆ ಚೂರಿನ ಮೇಲೆಯೇ ನೋಡುವವರ ಕಣ್ಣು ಹೋಗಿ ಕೂರುತ್ತದೆ, ಸುತ್ತಲಿನ ಬಣ್ಣವೆಲ್ಲ ಬಡವಾಗುತ್ತದೆ. ಅಂಟಿಸಿದ ಕಾಗದವೂ ಅಷ್ಟೇ, ಮೂಗಿಗಿಂತ ಮೂಗುತಿ ಭಾರವಾಗಬಾರದು. ಹಾಳೆಯ ಕಾಲು ಭಾಗ ದಾಟಿದರೆ ಕೈ ತಡೆಯಿರಿ.

ಆಕ್ರಿಲಿಕ್, ಇದ್ದಿಲು

ಅಂಟು ಒಣಗಿದ ಮೇಲೆ ಆಕ್ರಿಲಿಕ್. ಗಾಢ ಛಾಯೆಗಳನ್ನು ಈಗ ಕೂರಿಸಿ: ಮರದ ಬುಡ, ದಡದ ಕೆಳಗಿನ ನೆರಳು. ಕಪ್ಪಿನ ಬದಲು ಕಡುನೀಲಿಗೆ ಕಂದು ಬೆರೆಸಿ. ಆಕ್ರಿಲಿಕ್ ಒಣಗಿದಾಗ ಹಸಿಯಿದ್ದಾಗಿಗಿಂತ ಒಂದು ಎಳೆ ಗಾಢವಾಗುತ್ತದೆ, ಹಸಿಯಲ್ಲಿ ಹಾಲಿನಂತಿರುವ ಅದರ ಅಂಟು ಒಣಗಿ ಪಾರದರ್ಶಕವಾಗುವುದೇ ಕಾರಣ. ಆಮೇಲೆ ಒಣ ಕುಂಚದ ತುದಿಗೆ ಸ್ವಲ್ಪವೇ ದಪ್ಪ ಹಳದಿ ತಾಗಿಸಿ, ಟಿಶ್ಯೂವಿನ ಉಬ್ಬುಗಳ ಮೇಲೆ ಸವರಿದಂತೆ ಎಳೆಯಿರಿ. ಬಣ್ಣ ಉಬ್ಬಿಗೆ ಮಾತ್ರ ತಾಗಿ, ತಗ್ಗು ಗಾಢವಾಗಿಯೇ ಉಳಿದು, ಬೆಳಗಿನ ಬಿಸಿಲು ಬಿದ್ದ ಹುಲ್ಲು ತಾನಾಗಿ ಮೇಲೇಳುತ್ತದೆ.

ಮರದ ರೆಂಬೆಗಳಿಗೆ ಇದ್ದಿಲು ಹಿಡಿಯಿರಿ. ಹೊಳಪಿನ ಆಕ್ರಿಲಿಕ್ ಮೇಲೆ ಅದು ಜಾರುತ್ತದೆ, ಮ್ಯಾಟ್ ಮೇಲ್ಮೈಯಲ್ಲಿ ಸ್ವಲ್ಪ ಹಿಡಿಯುತ್ತದೆ. ಕಡ್ಡಿಯನ್ನು ಬೆರಳುಗಳ ನಡುವೆ ತಿರುಗಿಸುತ್ತ ಬುಡದಿಂದ ತುದಿಗೆ ಎಳೆದರೆ ಗೆರೆ ಒಮ್ಮೆ ದಪ್ಪ, ಒಮ್ಮೆ ತೆಳು ಆಗಿ ರೆಂಬೆಯ ನಡಿಗೆ ಬರುತ್ತದೆ. ಮುಗಿದೊಡನೆ ಕಿಟಕಿ ತೆರೆದಿಟ್ಟು ಫಿಕ್ಸೆಟಿವ್ (ಇದ್ದಿಲ ಪುಡಿಯನ್ನು ಹಿಡಿದಿಡುವ ದ್ರವ) ಸಿಂಪಡಿಸಿ, ಇಲ್ಲದಿದ್ದರೆ ಮುಂದಿನ ಹಂತದಲ್ಲಿ ಅಂಗೈ ತಾಗಿ ಆಕಾಶವೆಲ್ಲ ಮಸಿ.

ಈಗ ಫೋಟೊ ಮುಚ್ಚಿ

ಮೊಬೈಲನ್ನು ಬೋರಲು ಹಾಕಿ ಬೇರೆ ಕೋಣೆಯಲ್ಲಿಡಿ. ಇಲ್ಲಿಂದ ಮುಂದೆ ಚಿತ್ರ ತನಗೆ ಬೇಕಾದ್ದನ್ನು ತಾನೇ ಕೇಳುತ್ತದೆ, ಫೋಟೊ ನೋಡುತ್ತಿದ್ದರೆ ಆ ದನಿ ಕೇಳಿಸುವುದಿಲ್ಲ. ಫ್ರೆಂಚ್ ಚಿತ್ರಕಾರ ಎಡ್ಗರ್ ಡೆಗಾ 1892ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶಿಸಿದ ಭೂದೃಶ್ಯಗಳಲ್ಲಿ ತಗಡಿನಿಂದ ಕಾಗದಕ್ಕೆ ಅಚ್ಚೊತ್ತಿದ ಬಣ್ಣದ ಮೇಲೆ ಪೇಸ್ಟಲ್ ಉಜ್ಜಿದವು ಇದ್ದವು. ಎದುರಿಗೆ ಕೂತು ಬರೆದವಲ್ಲ, ನೆನಪಿನಿಂದ ಬಂದವು. ಎಷ್ಟೋ ಕಡೆ ಬೆಟ್ಟ ಎಲ್ಲಿ ಮುಗಿದು ಮೋಡ ಎಲ್ಲಿ ಶುರುವಾಯಿತೆಂದೇ ತಿಳಿಯುವುದಿಲ್ಲ. ಅದೇ ಡೆಗಾಗೆ ಫೋಟೊ ತೆಗೆಯುವ ಹುಚ್ಚೂ ಇತ್ತು.

ಚಿತ್ರವನ್ನು ಗೋಡೆಗೆ ಒರಗಿಸಿ ಹತ್ತು ಹೆಜ್ಜೆ ಹಿಂದೆ ಹೋಗಿ. ಕನ್ನಡಿಯಲ್ಲಿಯೂ ನೋಡಿ, ತಿರುಗುಮುರುಗಾದ ಚಿತ್ರದಲ್ಲಿ ವಾಲಿದ ದಡ, ಬೀಳುವಂತಿರುವ ಮರ ಕೂಡಲೇ ಗೊತ್ತಾಗುತ್ತವೆ. ತಿದ್ದುವುದಿದ್ದರೆ ಆಕ್ರಿಲಿಕ್‌ನಲ್ಲಿ ಈಗಲೇ ತಿದ್ದಿಬಿಡಿ, ಇನ್ನು ಬರುವುದು ಎಣ್ಣೆಯ ಸರದಿ.

ಆಯಿಲ್ ಪೇಸ್ಟಲ್ ಯಾವಾಗಲೂ ಕೊನೆಗೆ. ಎಣ್ಣೆಯ ಜಿಡ್ಡಿನ ಮೇಲೆ ಆಕ್ರಿಲಿಕ್ ನೆಲೆ ನಿಲ್ಲುವುದಿಲ್ಲ. ಒಮ್ಮೆ ಅವಸರಕ್ಕೆ ಬಿದ್ದು ಪೇಸ್ಟಲ್ ಮೇಲೆ ಬಿಳಿ ಆಕ್ರಿಲಿಕ್ ಬಳಿದಿದ್ದೆ. ಕೆಲವು ವಾರಗಳಲ್ಲಿ ಮೋಡವೊಂದು ಚಕ್ಕೆಯಾಗಿ ಕಳಚಿ ಚೌಕಟ್ಟಿನ ತಳದಲ್ಲಿ ಬಿದ್ದಿತ್ತು. ಇಲ್ಲಿ ಹತ್ತು ಹನ್ನೆರಡು ಗೀರು ಸಾಕು: ನೀರಿನ ಅಂಚಿಗೆ ತಿಳಿ ಕಿತ್ತಳೆ, ಹುಲ್ಲಿನ ನೆರಳಿನಲ್ಲಿ ಒಂದಿಷ್ಟು ನೇರಳೆ. ಹಳದಿಯ ಪಕ್ಕದ ಆ ನೇರಳೆ ಎರಡನ್ನೂ ಎಬ್ಬಿಸುತ್ತದೆ.

ಇನ್ನೊಂದು ಗೀರು ಹಾಕಲೇ ಎಂದು ಕೈ ತುರಿಸಿದಾಗ ಟೇಪ್ ಬಿಡಿಸಲು ಕೂರಿ. ಚಿತ್ರದಿಂದ ಹೊರಮುಖವಾಗಿ, ಓರೆಯಾಗಿ, ನಿಧಾನಕ್ಕೆ ಎಳೆಯಿರಿ. ಅಂಟಿಸಿದ ಕಾಗದ ಟೇಪಿನ ಮೇಲೂ ಚಾಚಿದ್ದರೆ ಮೊದಲು ಅಂಚಿಗೆ ಬ್ಲೇಡ್ ಆಡಿಸಿ. ಆಯಿಲ್ ಪೇಸ್ಟಲ್ ಎಂದಿಗೂ ಪೂರ್ತಿ ಗಟ್ಟಿಯಾಗುವುದಿಲ್ಲ, ಹೀಗಾಗಿ ಚೌಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಇಡುವ ರಟ್ಟಿನ ಅಂಚು) ಇಡಲು ಹೇಳಿ. ಗೋಡೆಗೆ ತೂಗುಹಾಕುವ ಮುನ್ನ ಒಂದು ವಾರ ಸಮತಟ್ಟಾದ ಜಾಗದಲ್ಲಿ, ಧೂಳು ಬೀಳದಂತೆ, ಮಲಗಿಸಿಡಿ.