ಏಳು ಕಡಿವಾಣ ಆದಮ್ಯಾಲ ಕುದ್ರಿ ಕೈಗೆ ಬಂತು (ನನ್ನ ಅನುಭವ)

ನಮ್ ಶೇರಾ ಹೈದರಾಬಾದ್ ರೇಸ್‌ದಾಗ ಓಡಿ ರಿಟೈರ್ ಆಗಿ ಬಂದ ಥರೋಬ್ರೆಡ್ ಜಾತಿ ಕುದ್ರಿ. ಟೆಂಪೋ ಬಾಡಿಗಿ ಬಿಟ್ಟು ಅರವತ್ತು ಸಾವಿರ ಚಿಲ್ರೆ ಬಿದ್ದಿತ್ತು. ನಾ ಆಡೋದು ಡ್ರೆಸ್ಸಾಜ್, ಹೇಳ್ದಂಗ ಕುದ್ರಿ ನಡಿಸಿ ತೋರ್ಸಿ ಅಂಕ ತೊಗೊಳ್ಳೋ ಸ್ಪರ್ಧೆ. ಕಲಬುರಗಿಯಾಗ ಡ್ರೆಸ್ಸಾಜ್ ಅಂದ್ರ ಮದಿವಿ ಮೆರವಣಿಗ್ಯಾಗ ಕುದ್ರಿ ಕುಣಿಸೋದು ಅಂತ ತಿಳ್ಕೊಳ್ಳೋ ಮಂದೀನೇ ಭಾಳ, ಅದಿರ್ಲಿ. ಇವನ ತಕರಾರು ಏನಂದ್ರ ಹಲಗಿ ಸಪ್ಪಳ ಕೇಳಿದ್ರ ಸಾಕು, ಕುತ್ತಿಗಿ ಉಬ್ಬಿಸಿ ಕಡಿವಾಣ ಕಚ್ಚಿ ಎಳಕೊಂಡ್ ಹೋಗ್ತಿದ್ದ. ರೇಸ್ ಕುದ್ರಿಗೆ ಲಗಾಮ ಬಿಗಿ ಆದಷ್ಟು ಓಡು ಅಂತನೇ ಕಲಿಸಿರ್ತಾರ, ನಾ ಎಳದಷ್ಟು ಅವ ಓಡವ, ಸಂಜಿಗೆ ನನ್ನ ರಟ್ಟಿ ಬಿದ್ದ್ ಹೋಗ್ತಿದ್ವು.

ಎಲ್ಲಾರೂ ಒಂದೇ ಮಾತು, ಪೆಲಮ್ ಹಾಕು, ಗ್ಯಾಗ್ ಹಾಕು, ಎರಡೂ ಬಿರುಸಿನ ಕಡಿವಾಣ. ಮೊದ್ಲ ಟಾಂಗಾ ಹೊಡಿತಿದ್ದ ಚಾಚಾ ಒಬ್ರು ಮನಿಗೇ ಬಂದು ಮುಳ್ಳಿನ ಕಡಿವಾಣ ಕೈಯಾಗ ಇಟ್ಟು "ಇದ್ ಹಾಕ್ ಬೇಟಾ, ಒಂದ್ ವಾರದಾಗ ದನ ಆಗ್ತದ" ಅಂದ್ರು. ಚಾಚಾ, ಇದಕ್ಕ 1965ರ ಕಾನೂನಿನಾಗೇ ಬಂದಿ ಅದ ಅಂದೆ, ನಕ್ಕು ಚಾ ಕುಡದ್ ಹೋದ್ರು. ಪೆಲಮ್, ಗ್ಯಾಗ್ ಎರಡೂ ಡ್ರೆಸ್ಸಾಜ್ ಟೆಸ್ಟ್‌ನಾಗ ನಡಿಯಂಗಿಲ್ಲ, ನಾ ಆಡೋ ಲೆವೆಲ್‌ಗೆ ಸ್ನ್ಯಾಫಲ್ ಅನ್ನೋ ಸಾದಾ ಕಡಿವಾಣ ಒಂದೇ. ಮನ್ಯಾಗ ಒಂದು, ಸ್ಪರ್ಧೆಯಾಗ ಒಂದು ಹಾಕಿದ್ರ ಕುದ್ರಿಗೂ ಗೊತ್ತಾಗ್ತದ್ರೀ.

ಮೊದ್ಲ ದಪ್ಪಿದ್ರ ಮೆತ್ತಗ ಅಂತ ಓದಿ 20 ಎಂಎಂ ರಬ್ಬರ್ ತಂದೆ, ನೊಗಕ್ಕ ಬಿದ್ದ ಎತ್ತಿನಂಗ ಅದರ ಮ್ಯಾಲ ವಾಲಿದ. ಗೆಣ್ಣಿಲ್ದ, ಅಂದ್ರ ನಡುವ ಮಡಚೋ ಕೀಲಿಲ್ದ, ನೆಟ್ಟಗಿನದೂ ಹಂಗೇ ಆತು. ಒಂದ್ ಗೆಣ್ಣಿನ ಕಾನ್ಪುರ ಮಾಲು ಆರ್ನೂರಕ್ಕ ಸಿಕ್ತು, ಅದಕ್ಕ ಬಾಯಿ ಕಿಸಿದು ನಾಲಿಗಿ ಮ್ಯಾಲ ಹಾಕ್ಕೊಳ್ಳೋದ್ ಕಲ್ತ. ಸಾಲ ಮಾಡಿ ಒಂಬತ್ತು ಸಾವಿರದ ಜರ್ಮನಿ ಮಾಲು ತರಿಸಿದೆ, 18 ಎಂಎಂ, ಹದಿನೈದು ದಿನ ಚಂದ ಇದ್ದ, ಮತ್ತ ಅದೇ ರಾಗ. ನಡುವ ತಲಿಕೆಟ್ಟು ನಮ್ ಓಣಿ ವೆಲ್ಡಿಂಗ್‌ದವನ ಕಡೆ ಸ್ಟೀಲ್ ಸರಳು ಕೊಟ್ಟು ನಾನೇ ಒಂದ್ ಮಾಡ್ಸೀನಿ, ಗೆಣ್ಣಿನ ಸಂದಿ ತುಟಿ ಮೂಲಿಗೆ ಚಿವುಟಿ ನೊರಿ ಗುಲಾಬಿ ಬಣ್ಣಕ್ಕ ಬಂತು, ಅವತ್ತೇ ಬಿಸಾಕಿದೆ. ಆರನೇದು ಹಳೇ ಮಾಲು, ತೆಳ್ಳಗಿತ್ತು, ಕುದ್ರಿ ಖುಷಿ ಇದ್ದ, ನಾನೂ ಬೆಂಗಳೂರ ತನಕ ಲಾರಿ ಬಾಡಿಗಿ ಹದಿನೆಂಟು ಸಾವಿರ ಕೊಟ್ಟು ಹೋದೆ. ಟೆಸ್ಟ್ ಮುಗಿದ್ ಮ್ಯಾಲ ಚೆಕ್ಕಿಂಗ್‌ದವರು ಬಾಯಿಗೆ ಕೈ ಹಾಕಿ, ರಿಂಗ್ ಬಾಜೂಕ ಅಳದು, 12 ಎಂಎಂ ಅದ, 14 ಕಿಂತ ಕಡಿಮಿ ನಡಿಯಂಗಿಲ್ಲ ಅಂತ ಎಲಿಮಿನೇಟ್. ತಪ್ಪು ನಂದೇ, ಹೊರಡೂಕಿಂತ ಮೊದ್ಲ ದಪ್ಪ ಅಳಿಯೋ ವರ್ನಿಯರ್ ಹಿಡೀಬೇಕಿತ್ತು.

ಖರೆ ಸಂಗತಿ ಹೊರಬಿದ್ದದ್ದು ಹಲ್ಲಿನ ಡಾಕ್ಟ್ರು ಬಂದಾಗ. ಮೊದ್ಲನೇ ದವಡಿ ಹಲ್ಲಿನ ಮುಂದ ಕಡ್ಲಿ ಕಾಳಿನಷ್ಟ್ ಒಂದ್ ತೋಳಹಲ್ಲು, ಕಡಿವಾಣ ಅದಕ್ಕ ತಾಕ್ತಿತ್ತು! ಕಿತ್ತು, ಉಳದ ಹಲ್ಲಿನ ಚೂಪು ತಿಕ್ಕಿ, ಎಲ್ಲಾ ಸೇರಿ ಮೂರೂವರಿ ಸಾವಿರ. ಗಾಯ ಆರೂತನ ಸುಮಾರು ಮೂರು ವಾರ ಬಾಯಿಗೆ ಏನೂ ಹಾಕಲಿಲ್ಲ. ಆಮ್ಯಾಲ ಹಲ್ಲಿಲ್ದ ಸಂದಿನಾಗ ಎರಡ್ ಬಟ್ಟು ಹಾಕಿ ನೋಡ್ದೆ, ನಾಲಿಗಿ ದಪ್ಪ, ಬಾಯಿ ಮ್ಯಾಲಿನ ಅಂಗಳ ತಗ್ಗು, ನನ್ನ ಬಟ್ಟೇ ಚಪ್ಪಟಿ ಆಗೂವಂಗ ಒತ್ತಿತು. 18 ಎಂಎಂ ಎಲ್ಲಿ ಕುಂದ್ರಬೇಕು ಹೇಳ್ರಿ. ದಾರ ಹಾಕಿ ಅಗಲ ಅಳದೆ, ಐದು ಇಂಚೂ ಪೂರಾ ಇಲ್ಲ, ನಾ ಎರಡ್ ವರ್ಷ ಐದೂವರಿ ಹಾಕಿದ್ದೆ, ಬಾಯಾಗ ಅತ್ತಿತ್ತ ಜಾರ್ತಿತ್ತು.

ಏಳನೇದು: 14 ಎಂಎಂ, ಐದು ಇಂಚು, ಎರಡ್ ಗೆಣ್ಣು, ನಡುವ ಗುಂಡನ ಕಾಳು, ರಿಂಗ್ ತಿರಗದ ಎಗ್‌ಬಟ್. ತಿರಗೋ ರಿಂಗೂ ನೋಡೀನಿ, ಇವಗ ಆ ಕಿಣಿಕಿಣಿ ಬ್ಯಾಡ. ಸೆಕೆಂಡ್ ಹ್ಯಾಂಡ್ ಎರಡ್ ಸಾವಿರದ ಆರ್ನೂರು. ಮೂಗುಪಟ್ಟಿ ಎರಡ್ ಬಟ್ಟು ಸಡ್ಲ. ಕಡಿವಾಣ ಹಾಕೂಕಿಂತ ಮೊದ್ಲ ಅದಕ್ಕ ಒಂದ್ ಹಚ್ತೀನಿ, ಬೆಲ್ಲ ಅಲ್ಲ ಅಂತಷ್ಟೇ ಹೇಳ್ತೀನಿ, ಉಳದದ್ದು ಬ್ಯಾಡ.

ನಡುವ ಕಡ್ಲಿ ಅರ್ಧ ಮಾಡಿ ಜ್ವಾಳದ ಕಣಿಕಿ ಜಾಸ್ತಿ ಮಾಡಿದ್ದೂ ಕೆಲಸ ಮಾಡ್ಯಾದ, ಸುಳ್ಳ್ ಯಾಕ ಹೇಳ್ಲಿ. ಹಲಗಿ ಸಪ್ಪಳಕ್ಕ ಕಿವ್ಯಾಗ ಹತ್ತಿ ಉಂಡಿ ಇಟ್ಟು ನೋಡ್ದೆ, ಭಾಳ ಶಾಂತ, ಆದ್ರ ಟೆಸ್ಟ್‌ನಾಗ ಅದೂ ನಡಿಯಂಗಿಲ್ಲ, ಕಿವಿ ಟೊಪ್ಪಿಗಿ ಅಷ್ಟೇ. ಎರಿ ಹೊಲದಾಗ ಸುಣ್ಣದ ಗೆರಿ ಹೊಡದು 20 ಬೈ 60 ಮೀಟರ್ ಅಂಗಳ ಮಾಡೀನಿ, ಮಳಿ ಬಂದ್ರ ಎರಡ್ ವಾರ ರಾಡಿ, ಆವಾಗ ಬರೇ ನಡಗಿ.

ಹೋದ್ ಸಲ 63 ಚಿಲ್ರೆ ಪರ್ಸೆಂಟ್ ಬಿತ್ತು, ಮೊದ್ಲ 55 ದಾಟಿದ್ದಿಲ್ಲ. ಗ್ಯಾಗ್ ಹಾಕು ಅಂದವರಾಗೇ ಒಬ್ಬವ ಮೊನ್ನಿ ಫೋನ್ ಮಾಡಿ ಆ ಕಡಿವಾಣ ನಾಕ್ ದಿನ ಕೊಡ್ರಿ ಅಂದ. ಕೊಡ್ತೀನಿ, ಮೊದ್ಲ ನಿನ್ನ ಕುದ್ರಿ ಬಾಯಿಗೆ ದಾರ ಹಾಕಿ ಅಳತಿ ತೊಗೊಂಡ್ ಬಾ ಅಂದೀನಿ. ಇನ್ನಾ ಬಂದಿಲ್ಲ.