ಕುದುರೆಗೂ ಸವಾರನಿಗೂ ಪಕ್ಕದ ನಡೆ ಕಲಿಸುವುದು ಹೇಗೆ

ಹಳ್ಳಿಯಲ್ಲಿ ಹಾಲು ಕರೆಯುವವರನ್ನು ನೋಡಿರುತ್ತೀರಿ. ಕೂರಲು ಜಾಗ ಸಾಲದಿದ್ದರೆ ಹಸುವಿನ ತೊಡೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ "ಸರಿ, ಸರಿ" ಅನ್ನುತ್ತಾರೆ. ಹಸು ಹಿಂಗಾಲು ಎತ್ತಿ ಒಂದು ಹೆಜ್ಜೆ ಆಚೆ ಇಡುತ್ತದೆ. ಅಷ್ಟರಲ್ಲಿ ಕೈ ವಾಪಸ್ ಬಂದಿರುತ್ತದೆ. ಕುದುರೆಯ ನಡೆಯನ್ನು ಪಳಗಿಸುವ ಡ್ರೆಸ್ಸಾಜ್ ಸವಾರಿಯಲ್ಲಿ ಲೆಗ್ ಯೀಲ್ಡ್, ಶೋಲ್ಡರ್ ಇನ್, ಟ್ರಾವರ್ಸ್, ಹಾಫ್ ಪಾಸ್ ಅಂತ ಮುಂದಕ್ಕೆ ಹೋಗುತ್ತಲೇ ಪಕ್ಕಕ್ಕೆ ಸರಿಯುವ ನಡೆಗಳಿವೆ ಅಲ್ವಾ, ಅವೆಲ್ಲದರ ಬೇರು ಇಲ್ಲೇ ಇದೆ. ಒತ್ತಬೇಕಾದ ಗಳಿಗೆಯಲ್ಲಿ ಒತ್ತಬೇಕು, ಪ್ರಾಣಿ ಸರಿದ ಕೂಡಲೇ ಬಿಡಬೇಕು. ಕಲಿಸುವಾಗ ನಾನು ಜಾಸ್ತಿ ಸಮಯ ಕೊಡುವುದು ಈ ಎರಡಕ್ಕೇ.

2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಡ್ರೆಸ್ಸಾಜ್ ತಂಡ ಚಿನ್ನ ಗೆದ್ದಿತು. ಏಷ್ಯಾಡ್‌ನ ಕುದುರೆ ಸವಾರಿಯಲ್ಲಿ 1982ರ ದೆಹಲಿ ಕೂಟ ಆದ ಮೇಲೆ, 41 ವರ್ಷಕ್ಕೆ ನಮಗೆ ಬಂದ ಚಿನ್ನ ಅದು. ಆಗಿನಿಂದ ಬೆಂಗಳೂರಿನ ಸುತ್ತಮುತ್ತ ಸವಾರಿ ಕಲಿಯುವ ಮಕ್ಕಳು ಮೊಬೈಲ್‌ನಲ್ಲಿ ಹಾಫ್ ಪಾಸ್ ತೋರಿಸಿ "ಇದನ್ನ ಹೇಳ್ಕೊಡಿ" ಅನ್ನುತ್ತಾರೆ. ಆಸೆ ಒಳ್ಳೆಯದು. ಆದರೆ ನಮ್ಮಲ್ಲಿ ಕಲಿಯಲು ಸಿಗುವ ಕುದುರೆಗಳಲ್ಲಿ ಎಷ್ಟೋ ರೇಸ್ ಬಿಟ್ಟು ಬಂದ ಥರೋಬ್ರೆಡ್ ತಳಿಯವು. ಜಾಕಿ ರಿಕಾಪು ಗಿಡ್ಡ ಮಾಡಿಕೊಂಡು ಜೀನಿನಿಂದ ಮೇಲೆದ್ದೇ ಇರುತ್ತಾನೆ, ಅವನ ಕಾಲು ಪಕ್ಕೆಯ ಉದ್ದಕ್ಕೂ ಇಳಿಬಿಟ್ಟಿರುವುದಿಲ್ಲ. ಹಾಗಾಗಿ ನಿಮ್ಮ ಮೀನಖಂಡ ಹೊಟ್ಟೆಗೆ ತಾಗಿದರೆ ಆ ಕುದುರೆಗೆ ತಿಳಿಯುವ ಅರ್ಥ ಒಂದೇ, ಓಡು. ಕಾಲಿಗೆ "ಸರಿ" ಅನ್ನುವ ಇನ್ನೊಂದು ಅರ್ಥವೂ ಇದೆ ಅಂತ ಅದಕ್ಕೆ ಮೊದಲಿನಿಂದ ಹೇಳಿಕೊಡಬೇಕು, ಅದೂ ಅದು ಗಾಬರಿಯಾಗದ ಹಾಗೆ.

ಶುರು ಮಾಡುವ ಮುಂಚೆ ಕುದುರೆ 20 ಮೀಟರ್ ಅಡ್ಡಳತೆಯ ಸುತ್ತನ್ನು ಎಡಕ್ಕೂ ಬಲಕ್ಕೂ ಒಂದೇ ಲಯದ ಟ್ರಾಟ್‌ನಲ್ಲಿ (ನಡಿಗೆಗಿಂತ ಜೋರಾದ ಕುಕ್ಕುಲೋಟದಲ್ಲಿ) ಹಾಕುವಂತಿರಬೇಕು. ಸವಾರ ಲಗಾಮು ಹಿಡಿದು ಜೋತಾಡದೆ ಕೂರುವಂತಿರಬೇಕು. ಇಬ್ಬರಿಗೂ ಹೊಸದಾದರೆ ಇಬ್ಬರನ್ನೂ ಒಟ್ಟಿಗೆ ಹಾಕಿ ಕಲಿಸಬೇಡಿ. ಸವಾರನಿಗೆ ನಡೆ ಗೊತ್ತಿರುವ ಹಳೇ ಕುದುರೆ ಕೊಡಿ, ಹೊಸ ಕುದುರೆಗೆ ಅನುಭವ ಇರುವ ಸವಾರನನ್ನು ಹತ್ತಿಸಿ. ಅಂಥ ಹಳೇ ಕುದುರೆ ಇಲ್ಲವಾದರೆ ಕೆಳಗೆ ನಿಂತು ಮಾಡುವ ಕೆಲಸವನ್ನೇ ವಾರಗಟ್ಟಲೆ ಮಾಡಿ, ನಷ್ಟವೇನೂ ಇಲ್ಲ.

ಕೆಳಗಿನ ಕೆಲಸ ಅಂದರೆ ಹೀಗೆ. ಕುದುರೆಯ ಎಡಕ್ಕೆ, ಹೊಟ್ಟೆಪಟ್ಟಿಯ ಹತ್ತಿರ ನಿಂತುಕೊಳ್ಳಿ. ಎಡಗೈಯಲ್ಲಿ ಹಾಲ್ಟರ್ (ತಲೆಗೆ ಕಟ್ಟುವ ಮುಖದಾರ) ಹಿಡಿದು ಅದರ ಮೂಗನ್ನು ಒಂಚೂರು ನಿಮ್ಮ ಕಡೆ ತಿರುಗಿಸಿ. ಸವಾರನ ಕಾಲು ಬರುವ ಜಾಗಕ್ಕಿಂತ ಒಂದು ಅಂಗೈ ಹಿಂದೆ ಬಲಗೈ ಬೆರಳುಗಳಿಂದ ಒತ್ತಿ. ಎಡ ಹಿಂಗಾಲು ಬಲ ಹಿಂಗಾಲಿನ ಮುಂದೆ ಹಾದು ಆಚೆ ಬೀಳಬೇಕು. ಒಂದೇ ಹೆಜ್ಜೆ. ಬಿದ್ದ ತಕ್ಷಣ ಕೈ ತೆಗೆಯಿರಿ, ಕುತ್ತಿಗೆ ಸವರಿ, ಸುಮ್ನೆ ನಿಲ್ಲಲು ಬಿಡಿ. ಮತ್ತೆ ಒಂದು. ಆಮೇಲೆ ಬಲಗಡೆ. ದಿನಕ್ಕೆ ಐದು ನಿಮಿಷ ಸಾಕು. ಇದನ್ನು ಕುದುರೆ ನೋಡಿಕೊಳ್ಳುವ ಸೈಸ್‌ಗೂ ಹೇಳಿಕೊಡಿ, ಇದು ತುಂಬಾ ಜನ ಮರೆಯುವ ವಿಷಯ. ಲಾಯದಲ್ಲಿ ದಿನಾ ಗಂಟೆಗಟ್ಟಲೆ ಕುದುರೆ ಜೊತೆ ಇರುವವರು ಅವರೇ. ಅವರು ಮೈ ತಿಕ್ಕುವಾಗ ಭುಜದಿಂದ ನೂಕಿ ಸರಿಸಿದರೆ ಕುದುರೆ ತಿರುಗಿ ನೂಕುವುದನ್ನು ಕಲಿಯುತ್ತದೆ, ಬೆರಳು ಇಟ್ಟು ಕೇಳಿದರೆ ಬೆರಳಿಗೆ ಸರಿಯುವುದನ್ನು ಕಲಿಯುತ್ತದೆ.

ಈಗ ಸವಾರನ ಪಾಠ. ಲಗಾಮು ಉದ್ದ ಬಿಟ್ಟು, ಸೈಸ್ ಕುದುರೆಯನ್ನು ಹಿಡಿದು ನಡೆಸಲಿ. ಸವಾರ ಕಣ್ಣು ಮುಚ್ಚಿಕೊಳ್ಳಲಿ. ನಡೆಯುವಾಗ ಕುದುರೆಯ ಹೊಟ್ಟೆ ತೊಟ್ಟಿಲಿನ ಹಾಗೆ ಎಡಕ್ಕೆ ಬಲಕ್ಕೆ ತೂಗುತ್ತದೆ. ಹೊಟ್ಟೆ ಬಲಕ್ಕೆ ಹೋದಾಗ ಸವಾರನ ಎಡ ಸೊಂಟ ಸ್ವಲ್ಪ ಕೆಳಗಿಳಿಯುತ್ತದೆ, ಎಡ ಮೀನಖಂಡ ತಾನಾಗೇ ಒಳಕ್ಕೆ ಬೀಳುತ್ತದೆ. ಆ ಗಳಿಗೆಯಲ್ಲೇ ಕುದುರೆಯ ಎಡ ಹಿಂಗಾಲು ನೆಲ ಬಿಟ್ಟು ಮುಂದಕ್ಕೆ ಬರುತ್ತಿರುತ್ತದೆ. ಆಗ ಸವಾರ ಬಾಯಿಬಿಟ್ಟು "ಈಗ" ಅನ್ನಬೇಕು. ನೀವು ಹಿಂದೆ ನಡೆಯುತ್ತಾ ಕಾಲು ನೋಡಿ, ಸರಿ ಇದೆಯೋ ಇಲ್ಲವೋ ಹೇಳಿ. ಮೊದಲ ದಿನ ಸುಮಾರು ತಪ್ಪುತ್ತದೆ. ಹತ್ತು ಸಲಕ್ಕೆ ಒಂಬತ್ತು ಸಲ ಸರಿ ಬರುವ ತನಕ ಮುಂದಿನ ಪಾಠಕ್ಕೆ ಹೋಗಬೇಡಿ, ಮಗು ಬೇಜಾರು ಮಾಡಿಕೊಂಡರೂ, ಅಪ್ಪ ಅಮ್ಮ ಬಂದು "ಯಾಕೆ ಇನ್ನೂ ಬರೀ ನಡೆಸ್ತಿದ್ದೀರಾ" ಅಂತ ಕೇಳಿದರೂ.

ಯಾಕೆ ಇಷ್ಟು ಹಟ ಅಂದರೆ, ಭಾರ ಹೊತ್ತು ನೆಲಕ್ಕೆ ಊರಿರುವ ಕಾಲನ್ನು ಪಕ್ಕಕ್ಕೆ ಇಡಲು ಯಾವ ಪ್ರಾಣಿಗೂ ಆಗುವುದಿಲ್ಲ. ಆ ಕಾಲು ಊರಿದ್ದಾಗ ನೀವು ಒತ್ತಿದರೆ ಕುದುರೆಗೆ ಉತ್ತರ ಕೊಡುವ ದಾರಿಯೇ ಇಲ್ಲ. ಒತ್ತಿ ಒತ್ತಿ ಕೊನೆಗೆ ಅದು ನಿಮ್ಮ ಕಾಲನ್ನು ಕೇಳುವುದನ್ನೇ ಬಿಡುತ್ತದೆ. ನಾನು ಕಲಿಯುವ ಕಾಲದಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಒಂದು ಒಳ್ಳೆಯ ಹೆಣ್ಣು ಕುದುರೆಯನ್ನು ತಿಂಗಳುಗಟ್ಟಲೆ ಬಿಡದೆ ಒತ್ತಿ, ಅದು ಸಾಲದೆ ಬೂಟಿನ ಹಿಮ್ಮಡಿಗೆ ಕಟ್ಟುವ ಲೋಹದ ಸ್ಪರ್ ಹಾಕಿ, ಅದರ ಪಕ್ಕೆಯನ್ನು ಮರದ ಹಲಗೆ ಹಾಗೆ ಮಾಡಿಬಿಟ್ಟಿದ್ದೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ತಪ್ಪು ಕುದುರೆಯದಾಗಿರಲಿಲ್ಲ.

ಲೆಗ್ ಯೀಲ್ಡ್‌ನಿಂದ ಶುರು ಮಾಡೋಣ. 20ಕ್ಕೆ 40 ಮೀಟರ್‌ನ ಅರೀನಾ (ಸವಾರಿ ಅಂಗಳ) ಇದ್ದರೂ ಸಾಕು, 20ಕ್ಕೆ 60 ಇದ್ದರೆ ಇನ್ನೂ ಅನುಕೂಲ. ಎಡ ಸುತ್ತಿನಲ್ಲಿ, ಅಂದರೆ ಅರೀನಾದ ಮಧ್ಯ ಎಡಕ್ಕೆ ಇರುವ ಹಾಗೆ ಹೋಗುತ್ತಾ, ಅಂಚಿನಲ್ಲಿ ಗುರುತಿಗೆ ಹಾಕಿರುವ ಎ ಅಕ್ಷರ ದಾಟಿ, ಎಫ್ ಅಕ್ಷರದ ಕಡೆಯ ಉದ್ದದ ಗೋಡೆಗೆ ಇನ್ನೂ 5 ಮೀಟರ್ ಇರುವಾಗಲೇ ಎಡಕ್ಕೆ ತಿರುಗಿ. ನಾಲ್ಕೈದು ಹೆಜ್ಜೆ ನೇರ ನಡೆಸಿ. ಆಮೇಲೆ ಎಡಗಾಲಿನಿಂದ, ಹೊಟ್ಟೆಪಟ್ಟಿಗಿಂತ ಸ್ವಲ್ಪ ಹಿಂದೆ, ಆ "ಈಗ" ಅನ್ನುವ ಗಳಿಗೆಯಲ್ಲಿ ಒತ್ತಿ ಬಿಡಿ, ಒತ್ತಿ ಬಿಡಿ. ಕುದುರೆ ಬಲಗಡೆ ಗೋಡೆಯತ್ತ ಮುಂದಕ್ಕೂ ಪಕ್ಕಕ್ಕೂ ಸರಿಯಬೇಕು. ಮೈ ನೇರ, ತಲೆ ಮಾತ್ರ ಎಡಕ್ಕೆ, ಎಡಗಣ್ಣಿನ ಅಂಚು ಸವಾರನಿಗೆ ಕಾಣುವಷ್ಟು. ಗೋಡೆಯಿಂದ ದೂರಕ್ಕಲ್ಲ, ಗೋಡೆಯ ಕಡೆಗೇ ಯಾಕೆ ಅಂದರೆ ಕುದುರೆಗಳಿಗೆ ಗೋಡೆಯ ಹತ್ತಿರ ಹೋಗುವ ಆಸೆ ಇದ್ದೇ ಇರುತ್ತದೆ. ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ.

ಇಲ್ಲಿ ಹೊರ ಲಗಾಮಿನ ಕೆಲಸ ಅರ್ಥವಾಗಬೇಕು. ಎಡಗಾಲು ಒತ್ತಿದರೆ ಬಲ ಲಗಾಮು ಹೊರ ಲಗಾಮು. ಅದು ಕಾಲುವೆಯ ದಂಡೆ ಇದ್ದ ಹಾಗೆ. ದಂಡೆ ನೀರನ್ನು ಎಳೆಯುವುದಿಲ್ಲ, ನಿಂತಲ್ಲೇ ನಿಂತು ನೀರು ಹೊರಗೆ ಚೆಲ್ಲದಂತೆ ನೋಡಿಕೊಳ್ಳುತ್ತದೆ. ದಂಡೆ ಒಡೆದರೆ ಏನಾಗುತ್ತದೆ? ಕುದುರೆಯ ಬಲ ಭುಜ ಗೋಡೆ ಕಡೆ ಓಡಿಹೋಗುತ್ತದೆ, ಹಿಂಭಾಗ ಎಳೆದುಕೊಂಡು ಹಿಂದೆ ಬರುತ್ತದೆ. ಸವಾರ ಇದನ್ನೇ ಲೆಗ್ ಯೀಲ್ಡ್ ಅಂದುಕೊಂಡು ಖುಷಿಪಡುತ್ತಾನೆ. ಇದಕ್ಕೆ ನನ್ನ ಮದ್ದು ಮೆಟ್ಟಿಲು. ಎರಡು ಹೆಜ್ಜೆ ಪಕ್ಕಕ್ಕೆ, ಎರಡು ಹೆಜ್ಜೆ ನೇರ, ಮತ್ತೆ ಎರಡು ಪಕ್ಕಕ್ಕೆ. ನೇರ ಹೋಗಬೇಕಾದಾಗ ಹೊರ ಲಗಾಮು ಮತ್ತು ಹೊರಗಾಲು ಇಲ್ಲದೆ ಆಗುವುದೇ ಇಲ್ಲ, ಹಾಗಾಗಿ ಅವು ತಾವಾಗೇ ಬಳಕೆಗೆ ಬರುತ್ತವೆ. ವಾಕ್‌ನಲ್ಲಿ ಸಲೀಸಾದ ಮೇಲೆ ಟ್ರಾಟ್. ರೇಸ್ ಕುದುರೆ ಕಾಲು ತಾಗಿದ ಕೂಡಲೇ ಮುಂದಕ್ಕೆ ಹಾರಿದರೆ ಬೈಯಬೇಡಿ, ಬಾಯಿ ಜಗ್ಗಬೇಡಿ. 20 ಮೀಟರ್ ಸುತ್ತಿಗೆ ಹೋಗಿ, ಉಸಿರು ಇಳಿಸಿ, ಅರ್ಧದಷ್ಟು ಒತ್ತಡದಲ್ಲಿ ಮತ್ತೆ ಕೇಳಿ.

ಸವಾರರಲ್ಲಿ ನಾನು ಅತಿ ಹೆಚ್ಚು ನೋಡುವ ತಪ್ಪು ಇನ್ನೊಂದಿದೆ. ಎಡಗಾಲಿನಿಂದ ನೂಕುವ ಭರದಲ್ಲಿ ಹಿಮ್ಮಡಿ ಮೇಲೆ ಬರುತ್ತದೆ, ಎಡ ಪಕ್ಕೆ ಕುಸಿಯುತ್ತದೆ, ಸೊಂಟದ ಮೇಲೆ ಕೊಡ ಇಟ್ಟುಕೊಂಡವರ ಹಾಗೆ ಮೈ ಸೊಟ್ಟಗಾಗುತ್ತದೆ. ಕೆಳಗೆ ನಿಂತು "ನೇರ ಕೂತ್ಕೋ" ಅಂತ ಕೂಗಿದರೆ ಪ್ರಯೋಜನವಿಲ್ಲ, ಅವರಿಗೆ ತಾವು ನೇರವಾಗೇ ಇದ್ದೇವೆ ಅನಿಸುತ್ತಿರುತ್ತದೆ. ನಾನು ಕೇಳುವುದು ಒಂದೇ ಪ್ರಶ್ನೆ: "ಯಾವ ರಿಕಾಪಿನಲ್ಲಿ ಭಾರ ಜಾಸ್ತಿ ಇದೆ?" ಉತ್ತರ ಹುಡುಕುವಾಗ ಮೈ ತಾನೇ ಸರಿಹೋಗುತ್ತದೆ.

ಶೋಲ್ಡರ್ ಇನ್‌ಗೆ ಬರುವ ಹೊತ್ತಿಗೆ ಕುದುರೆ 10 ಮೀಟರ್ ಸುತ್ತನ್ನು ಟ್ರಾಟ್‌ನಲ್ಲಿ ಮೈ ಬಗ್ಗಿಸಿ ಹಾಕುತ್ತಿರಬೇಕು. ಲೆಗ್ ಯೀಲ್ಡ್‌ನಲ್ಲಿ ಮೈ ನೇರ ಇತ್ತು, ಇಲ್ಲಿ ಇಡೀ ಮೈ ಬಗ್ಗಿ, ಭುಜ ಗೋಡೆ ಬಿಟ್ಟು ಒಳಗೆ ಬಂದಿರುತ್ತದೆ. ಇದನ್ನು ಸುತ್ತಿನಿಂದ ಬಿಡಿಸಿ ಗೋಡೆಯ ಉದ್ದಕ್ಕೆ ತಂದವರು 18ನೇ ಶತಮಾನದ ಫ್ರೆಂಚ್ ಗುರು ಗೆರಿನಿಯೇರ್. ಇವತ್ತಿಗೂ ನಾವು ಕಲಿಸುವುದು ಅವರ ದಾರಿಯಲ್ಲೇ. ಎಡ ಸುತ್ತಿನಲ್ಲಿ ಮೂಲೆ ದಾಟಿದ ಕೂಡಲೇ ಎಡಕ್ಕೆ 10 ಮೀಟರ್ ಸುತ್ತು ಹಾಕಿ. ಗೋಡೆಗೆ ವಾಪಸ್ ಬಂದ ಮೇಲೆ ಎರಡನೇ ಸುತ್ತಿಗೆ ಹೊರಡುವ ಹಾಗೆ ಒಂದು ಹೆಜ್ಜೆ ಇಡಿಸಿ. ಮುಂಗಾಲುಗಳು ಗೋಡೆ ಬಿಟ್ಟು ಒಳಗೆ ಬಂದವು ಅನ್ನುವಾಗ ಬಲ ಲಗಾಮಿನಿಂದ "ಸುತ್ತು ಬೇಡ" ಅನ್ನಿ, ಹೊಟ್ಟೆಪಟ್ಟಿಯ ಹತ್ತಿರ ಇರುವ ಎಡಗಾಲಿನಿಂದ "ಗೋಡೆ ಉದ್ದಕ್ಕೆ ನಡಿ" ಅನ್ನಿ. ಬಲಗಾಲು ಸ್ವಲ್ಪ ಹಿಂದೆ ಕಾವಲು ಇರಲಿ, ಇಲ್ಲದಿದ್ದರೆ ಹಿಂಭಾಗ ಗೋಡೆ ಕಡೆ ಜಾರುತ್ತದೆ. ಸವಾರನ ಭುಜಗಳು ಕುದುರೆಯ ಭುಜದ ಜೊತೆ ತಿರುಗಿರಬೇಕು. ಮೊದಲ ದಿನ ನಾಲ್ಕು ಹೆಜ್ಜೆ ಬಂದರೆ ಹಬ್ಬ. ಅಲ್ಲಿಗೇ ನಿಲ್ಲಿಸಿ, ಅದೇ ಎಡ ಸುತ್ತು ಹಾಕಿ ಹೊರಬನ್ನಿ.

ಕೋನ ಸುಮಾರು 30 ಡಿಗ್ರಿ. ಕಲಿಸುವವರು ಗೋಡೆಯ ಆ ತುದಿಯಲ್ಲಿ ನಿಂತು ಎದುರಿನಿಂದ ನೋಡಿದರೆ ಮೂರು ಕಾಲು ಕಾಣಬೇಕು, ಯಾಕೆಂದರೆ ಒಳ ಹಿಂಗಾಲು ಹೊರ ಮುಂಗಾಲಿನ ಸಾಲಿನಲ್ಲೇ ಬರುತ್ತದೆ. ಎರಡೇ ಕಾಲು ಕಂಡು ಕುತ್ತಿಗೆ ಮಾತ್ರ ಒಳಗೆ ತಿರುಗಿದ್ದರೆ ಅದು ಬರೀ ಕುತ್ತಿಗೆ ಬಗ್ಗಿಸುವ ಕೆಲಸ. ಸವಾರ ಒಳ ಲಗಾಮು ಎಳೆಯುತ್ತಿದ್ದಾನೆ ಅಂತ ಅರ್ಥ. ನಡೆಯುತ್ತಿರುವಾಗಲೇ ಎರಡು ಹೆಜ್ಜೆ ಒಳ ಲಗಾಮನ್ನು ಮುಂದಕ್ಕೆ ಕೊಟ್ಟು ಸಡಿಲ ಬಿಡಲು ಹೇಳಿ. ಬಾಗು, ಕೋನ ಎರಡೂ ಹಾಗೇ ಉಳಿದರೆ ಕುದುರೆ ನಿಜವಾಗಿ ಹೊರ ಲಗಾಮಿನ ಮೇಲಿದೆ. ಬಿದ್ದುಹೋದರೆ ಸುತ್ತಿಗೆ ವಾಪಸ್. ಪ್ರತಿ ಕುದುರೆಗೂ ಒಂದು ಬಿಗಿ ಕಡೆ, ಒಂದು ಸಡಿಲ ಕಡೆ ಇರುತ್ತದೆ. ಸಡಿಲ ಕಡೆಗೆ ಬಾಗು ಜಾಸ್ತಿ ಬಂದರೆ ಮೆಚ್ಚಬೇಡಿ, ಅಲ್ಲಿ ಹೊರ ಲಗಾಮಿನ ಕೆಲಸ ದುಪ್ಪಟ್ಟು.

ಟ್ರಾವರ್ಸ್, ರೆನ್ವರ್ಸ್, ಹಾಫ್ ಪಾಸ್‌ಗಳನ್ನು ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ, ಶೋಲ್ಡರ್ ಇನ್ ಗಟ್ಟಿಯಾಗದೆ ಅವುಗಳ ಹತ್ತಿರ ಹೋಗಲೇಬಾರದು. ಈ ತನಕ ಕುದುರೆ ಹೋಗುವ ದಿಕ್ಕಿಗೆ ಬೆನ್ನು ಹಾಕಿ ನೋಡುತ್ತಿತ್ತು, ಇನ್ನು ಹೋಗುವ ದಿಕ್ಕನ್ನೇ ನೋಡುತ್ತಾ ಸರಿಯಬೇಕು. ಕಷ್ಟ ಇರುವುದು ಅಲ್ಲೇ. ಟ್ರಾವರ್ಸ್‌ನಲ್ಲಿ ಮುಂಗಾಲು ಗೋಡೆಯ ಹತ್ತಿರ, ಹಿಂಭಾಗ ಸುಮಾರು 35 ಡಿಗ್ರಿ ಒಳಗೆ, ಎದುರಿನಿಂದ ನಾಲ್ಕೂ ಕಾಲು ಕಾಣುತ್ತವೆ. 10 ಮೀಟರ್ ಸುತ್ತು ಮುಗಿಯುವಾಗ ಮುಂಗಾಲು ಗೋಡೆ ಮುಟ್ಟಿ ಹಿಂಗಾಲು ಇನ್ನೂ ಸುತ್ತಿನಲ್ಲಿರುತ್ತದಲ್ಲ, ಆಗ ಹೊರಗಾಲನ್ನು ಹಿಂದೆ ಇಟ್ಟು ಹಿಂಭಾಗವನ್ನು ಅಲ್ಲೇ ಹಿಡಿದುಕೊಳ್ಳಿ. ರೆನ್ವರ್ಸ್ ಅದನ್ನೇ ತಿರುಗಿಸಿದ್ದು, ಬಾಲ ಗೋಡೆ ಕಡೆ. ಟ್ರಾವರ್ಸನ್ನು ಗೋಡೆಯಿಂದ ಕಿತ್ತು ಅರೀನಾದ ಓರೆ ಗೆರೆಯ ಮೇಲೆ ಮಾಡಿದರೆ ಹಾಫ್ ಪಾಸ್, ಅಲ್ಲಿ ಭುಜ ಯಾವಾಗಲೂ ಹಿಂಭಾಗಕ್ಕಿಂತ ಒಂಚೂರು ಮುಂದಿರಬೇಕು. ಟ್ರಾವರ್ಸನ್ನು ಅತಿಯಾಗಿ ಮಾಡಿಸಬೇಡಿ. ಟ್ರಾಟ್‌ಗಿಂತ ಜೋರಾದ ಕ್ಯಾಂಟರ್ ಓಟದಲ್ಲಿ ಹಿಂಭಾಗವನ್ನು ಒಳಗೆ ಸೊಟ್ಟ ಇಟ್ಟುಕೊಳ್ಳುವ ಚಟ ಕುದುರೆಗಳಿಗೆ ಮೊದಲೇ ಇದೆ.

40 ನಿಮಿಷದ ಸವಾರಿಯಲ್ಲಿ ಪಕ್ಕದ ನಡೆ 10-12 ನಿಮಿಷ ಮೀರುವುದು ಬೇಡ, ಅದೂ ಬಿಡಿಬಿಡಿಯಾಗಿ. ಒಂದೊಂದು ಸಲ ಆದ ಮೇಲೂ ನೇರಕ್ಕೆ ಜೋರಾದ ಟ್ರಾಟ್ ಕೊಡಿ. ಮುಂದಕ್ಕೆ ಹೋಗುವ ಹುರುಪು ಸತ್ತರೆ ಪಕ್ಕದ ನಡೆಯಿಂದ ಏನೂ ಸಿಗದು. ಮಳೆಗಾಲದಲ್ಲಿ ಅರೀನಾ ಜಾರುತ್ತಿದ್ದರೆ ಆ ದಿನ ಬರೀ ವಾಕ್ ಮಾಡಿಸಿ. ಮೊನ್ನೆ ತನಕ ಮಾಡುತ್ತಿದ್ದ ಕುದುರೆ ಒಂದು ದಿನ ಬಾಲ ಬೀಸಿ, ಕಿವಿ ಹಿಂದಕ್ಕೆ ಒತ್ತಿ, ಹಲ್ಲು ಕಡಿದು ಒಂದು ಕಡೆಗೆ ಮಾತ್ರ ಆಗಲ್ಲ ಅಂದರೆ ದಯವಿಟ್ಟು ಅದನ್ನು ಸೋಮಾರಿತನ ಅನ್ನಬೇಡಿ. ಜೀನು ಬೆನ್ನಿಗೆ ಒತ್ತುತ್ತಿದೆಯೇ, ಹಲ್ಲು ಚೂಪಾಗಿದೆಯೇ, ಹಿಂಗಾಲಿನಲ್ಲಿ ನೋವಿದೆಯೇ ನೋಡಿ, ವೆಟ್ ಕರೆಸಿ. ರೇಸ್‌ನಿಂದ ಬಂದವುಗಳಿಗೆ ಹಳೇ ಪೆಟ್ಟುಗಳು ಇರಬಹುದು.

ಅಡ್ಡ ಹಾಕುವಾಗ ಒಂದು ಗೊರಸು ಇನ್ನೊಂದು ಕಾಲಿಗೆ ಬಡಿಯುತ್ತದೆ, ಅದಕ್ಕೇ ನಾಲ್ಕೂ ಕಾಲಿಗೆ ಬೂಟ್ ಇಲ್ಲವೇ ಬ್ಯಾಂಡೇಜ್ ಕಟ್ಟಿಯೇ ಹೊರಡಿ. ಕೆಲಸ ಮುಗಿದು ಲಾಯಕ್ಕೆ ಬಂದ ಮೇಲೆ ಅವನ್ನು ಸವಾರನೇ ಬಿಚ್ಚಲಿ. ಬಗ್ಗಿ, ಪ್ರತಿ ಕಾಲಿನ ಒಳಮಗ್ಗುಲಲ್ಲಿ ಮಂಡಿಯಿಂದ ಗೊರಸಿನ ತನಕ ಅಂಗೈ ಆಡಿಸಿ, ಬಿಸಿ ಇದೆಯೇ, ಊತ ಇದೆಯೇ, ಗೀಚಿದ ಗಾಯ ಇದೆಯೇ ಅಂತ ನೋಡಿ, ಇದ್ದರೆ ಸೈಸ್‌ಗೆ ಆಗಲೇ ಹೇಳಿ ತಣ್ಣೀರು ಬಿಡಿಸಲಿ.